ವತ್ಸಲಾಬಾಯಿ ಓದಿದ ಕತೆ

ನನಗೆ ತಿಳಿವಳಿಕೆ ಬರುವ ಹೊತ್ತಿಗೆ ನಮ್ಮ ಅಪ್ಪ ನಾಟಕದ ಕಂಪನಿ ಬಿಟ್ಟು ಕುಷ್ಟಗಿಯ ಮನೆಗೆ ಕಾಯಮ್ಮಾಗಿ ಬಂದುಬಿಟ್ಟಿದ್ದ. ಅದಕ್ಕೂ ಮೊದಲು ಅವನು ನಮಗೆ ಮಳೆಗಾಲದಲ್ಲಿ ಬಂದು ಹೋಗುವ ನೆಂಟನ ಹಾಗೆ. ಉಳಿದ ದಿನಗಳಲ್ಲಿ ಗದಗು, ಬಾಗಲಕೋಟೆ, ಸೊಲ್ಲಾಪುರ ಎಂದು ಕಂಪನಿಯ ಜೊತೆ ತಿರುಗುತ್ತಿದ್ದ. ಅವನದು ಹೆಣ್ಣಿನ ಪಾರ್ಟು. ರಾಣಿ, ಗರತಿ, ಮಗನನ್ನು ಕಳೆದುಕೊಂಡ ತಾಯಿ, ಇವೆಲ್ಲ ಅವನಿಗೇ ಮೀಸಲಾಗಿದ್ದವಂತೆ. ಆಮೇಲೆ ಕಂಪನಿಗಳಿಗೆ ಹೆಣ್ಣುಮಕ್ಕಳೇ ಬಣ್ಣ ಹಚ್ಚಲು ಬಂದರು. ಮಾಲೀಕರು ಅಪ್ಪನಿಗೆ ಮೊದಲು ಮುದುಕಿಯ ಪಾರ್ಟು ಕೊಟ್ಟರು, ಆಮೇಲೆ ಒಂದೆರಡು ಮಾತಿನ ದೂತನ ಪಾರ್ಟು, ಕಡೆಗೆ ಪರದೆ ಎಳೆಯುವ ಕೆಲಸ. ಪರದೆಯ ಹಗ್ಗ ಕೈಗೆ ಬಂದ ಮರುದಿನವೇ ಅಪ್ಪ ತನ್ನ ಟ್ರಂಕು ಹೊತ್ತುಕೊಂಡು ಬಸ್ಸು ಹತ್ತಿದ. ಊರಿಗೆ ಬಂದವನು ಮಾಡಿದ ಮೊದಲ ಕೆಲಸ ಮೀಸೆ ಬಿಟ್ಟದ್ದು. ಅದು ಅವನ ಮುಖಕ್ಕೆ ಒಪ್ಪುತ್ತಿರಲಿಲ್ಲ. ಯಾರದೋ ಮೀಸೆಯನ್ನು ತಂದು ಅಂಟಿಸಿಕೊಂಡ ಹಾಗೆ ಕಾಣುತ್ತಿತ್ತು.

ನಮ್ಮದು ಮಣ್ಣಿನ ಮಾಳಿಗೆಯ ಮನೆ. ದೊಡ್ಡ ಬಾಗಿಲು ದಾಟಿದರೆ ಎಡಕ್ಕೆ ದನ ಕಟ್ಟುವ ಜಾಗ, ಬಲಕ್ಕೆ ಎತ್ತರದ ಪಡಸಾಲೆ, ಅದರ ಹಿಂದೆ ಅಡುಗೆಮನೆ. ಅಡುಗೆಮನೆಗೆ ಕಿಟಕಿ ಇರಲಿಲ್ಲ. ಮಾಳಿಗೆಯಲ್ಲಿ ಕೊರೆದ ಬೆಳಕಿಂಡಿಯಿಂದ ಒಂದು ತಟ್ಟೆಯಷ್ಟು ಬಿಸಿಲು ಬಿದ್ದು ಹೊತ್ತು ಏರಿದಂತೆ ನೆಲದ ಮೇಲೆ ಸರಿಯುತ್ತಿತ್ತು. ಮನೆಯ ಯಜಮಾನಿಕೆ ದೊಡ್ಡಪ್ಪನದು. ಅಪ್ಪನ ಈ ಅಣ್ಣನಿಗೆ ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಹೊಲ, ಎತ್ತು, ಆಳು ಎಲ್ಲವನ್ನೂ ಅವನೇ ನೋಡಿಕೊಳ್ಳುತ್ತಿದ್ದ. ಅಪ್ಪನಿಗೆ ನೇಗಿಲು ಹಿಡಿಯಲು ಬರುತ್ತಿರಲಿಲ್ಲ. ಬಂದ ಹೊಸದರಲ್ಲಿ ಎರಡು ಸಲ ಹೊಲಕ್ಕೆ ಹೋಗಿ ಅಂಗೈ ಸುಲಿದುಕೊಂಡು ಬಂದ. ಆಮೇಲೆ ದೊಡ್ಡಪ್ಪ ಕರೆಯುವುದನ್ನು ಬಿಟ್ಟ. ಅಪ್ಪ ತನ್ನ ತಾಯಿ, ಅಂದರೆ ನಮ್ಮ ಆಯಿಯ ಜೊತೆ ಕೂತು ಪುಂಡಿಸೊಪ್ಪು ಬಿಡಿಸುತ್ತಿದ್ದ, ಅವ್ವನಿಗೆ ಶೇಂಗಾ ಹುರಿದು ಕೊಡುತ್ತಿದ್ದ. ಅವನ ಬೆರಳು ಬಹಳ ಚುರುಕು. ನನ್ನ ಅಕ್ಕ ನೀಲಕ್ಕ ಮೊದಲ ಸಲ ಸೀರೆ ಉಡುವಾಗ ನಿರಿಗೆ ನಿಲ್ಲದೆ ಅಳುತ್ತಾ ಕೂತಿದ್ದಳು. ಅಪ್ಪ ಅವ್ವನ ಹಳೆಯ ಸೀರೆಯೊಂದನ್ನು ಧೋತರದ ಮೇಲೆಯೇ ಸುತ್ತಿಕೊಂಡು, ನಿರಿಗೆಯನ್ನು ಬೆರಳ ಸಂದಿಯಲ್ಲಿ ಹೇಗೆ ಹಿಡಿಯಬೇಕು, ಸೆರಗು ಜಾರದ ಹಾಗೆ ಹೇಗೆ ಸಿಗಿಸಬೇಕು ಎಂದು ತೋರಿಸಿಕೊಟ್ಟ. ಅದೇ ಹೊತ್ತಿಗೆ ದೊಡ್ಡಪ್ಪ ನೀರು ಕೇಳಲು ಒಳಗೆ ಬಂದ. ಅಪ್ಪನನ್ನು ನೋಡಿದ. ನೀರು ಕುಡಿಯದೆ ಹೊರಗೆ ಹೋದ.

ದೊಡ್ಡಪ್ಪ ಕೆಟ್ಟವನಲ್ಲ. ನೀಲಕ್ಕನಿಗೆ ಗಂಡು ಹುಡುಕುವ ಭಾರ ಅವನ ಮೇಲಿತ್ತು. ಹೋದ ಕಡೆಯಲ್ಲೆಲ್ಲ ಮಾತು ಸುತ್ತಿ ಬಳಸಿ ಅಪ್ಪನ ಹೆಣ್ಣಿನ ಪಾರ್ಟಿಗೇ ಬಂದು ನಿಲ್ಲುತ್ತಿತ್ತು. ಹಿಟ್ನಾಳದ ಕಡೆಯ ಒಂದು ಮನೆತನದವರು ಹುಡುಗಿಯನ್ನು ನೋಡಿ ಒಪ್ಪಿ, ಎಲೆ ಅಡಿಕೆಯನ್ನೂ ಹಾಕಿಕೊಂಡು ಹೋದವರು, ವಾರದ ಮೇಲೆ ಬೇಡ ಎಂದು ಹೇಳಿ ಕಳಿಸಿದರು. ಯಾಕೆ ಎಂದು ಯಾರೂ ಕೇಳಲಿಲ್ಲ. ಆ ದಿನ ಉಣ್ಣಲು ಕೂತಾಗ ದೊಡ್ಡಪ್ಪ ರೊಟ್ಟಿ ಮುರಿದವನು ಬಾಯಿಗೆ ಹಾಕಿಕೊಳ್ಳಲಿಲ್ಲ.

"ಸೀರಿ ಉಟ್ಟಾವನ ಮಗಳು ಅಂತಾರವಾ. ನಾನು ಯಾರ ಯಾರ ಬಾಯಿ ಮುಚ್ಚಲಿ?" ಎಂದು ಆಯಿಗೆ ಹೇಳಿದ.

ಅಪ್ಪ ಎದುರಿಗೇ ಕೂತಿದ್ದ. ಅವ್ವ ಅವನ ತಟ್ಟೆಗೆ ಮಜ್ಜಿಗೆ ಹಾಕಿದಳು, ಅವನು ಉಂಡು ಎದ್ದ. ನೀಲಕ್ಕ ಒಲೆಯ ಮುಂದೆ ಬೆನ್ನು ಮಾಡಿ ಕೂತಿದ್ದಳು. ಆಗ ನನಗೆ ಎಂಟೋ ಒಂಬತ್ತೋ ವರ್ಷ. ಸೀರೆ ಉಟ್ಟರೆ ಏನು ತಪ್ಪು ಎಂಬುದು ನನಗೆ ಅರ್ಥವಾಗಿರಲಿಲ್ಲ, ಆದರೆ ಕೇಳಬಾರದ ಮಾತು ಇದು ಎಂಬುದು ಅರ್ಥವಾಗಿತ್ತು.

ಇಂಥ ದಿನಗಳಲ್ಲಿ ಹುಬ್ಬಳ್ಳಿಯಿಂದ ಒಬ್ಬ ಏಜಂಟರು ನಮ್ಮ ಮನೆ ಹುಡುಕಿಕೊಂಡು ಬಂದರು. ಕರಿ ಕೋಟು, ಕೈಯಲ್ಲಿ ಛತ್ರಿ. ಗ್ರಾಮಾಫೋನಿನ ಪ್ಲೇಟು ಮಾಡುವ ಕಂಪನಿಯ ಪರವಾಗಿ ಬಂದಿದ್ದರು. ಅಪ್ಪನ ನಾಟಕಗಳನ್ನು ಗದಗಿನಲ್ಲಿ ನೋಡಿದ್ದರಂತೆ. ದೊಡ್ಡಪ್ಪ ಅವರನ್ನು ಪಡಸಾಲೆಯಲ್ಲಿ ಕೂರಿಸಿದ, ಅವ್ವ ಚಹಾ ಮಾಡಿದಳು. ನಾನು ಕಂಬದ ಪಕ್ಕ ಕೂತು ಅವರ ಛತ್ರಿಯ ಹಿಡಿಯನ್ನೇ ನೋಡುತ್ತಿದ್ದೆ.

"ಹಾಡಿನ ಪ್ಲೇಟು ಸಾಕಷ್ಟಾದುವು. ನಾಟಕದ ಪ್ಲೇಟೂ ಆದುವು. ಈಗ ಸಣ್ಣ ಕತಿ ಓದಿಸಬೇಕಂತ ನಮ್ಮವರ ವಿಚಾರ. ನಟರ ಕಡಿಯಿಂದ ಓದಿಸೋದು. ಒಂದು ಪ್ಲೇಟಿಗೆ ಒಂದು ಕತಿ," ಎಂದರು ಏಜಂಟರು.

"ಅದಕ್ಕ ಈಗ ಹೆಣ್ಣುಮಕ್ಕಳ ಅದಾರಲ್ಲರಿ," ಎಂದ ಅಪ್ಪ.

"ಕೂಡ್ರಿಸಿ ನೋಡಿದಿವಿ. ಹಾಡು ಛಲೋ ಬರ್ತಾವ. ಪುಸ್ತಕ ಕೈಯಾಗ ಕೊಟ್ಟರ ಅಕ್ಷರ ತಡವರಸ್ತಾರ. ಯಾರರ ಸಾಲಿಗೆ ಕಳಿಸಿದ್ರ ತಾನ ಓದೋದು? ಈ ಕತ್ಯಾಗ ಸೊಸಿ ಮಾತು, ಅತ್ತಿ ಮಾತು, ಎಲ್ಲಾ ಒಬ್ಬರ ಆಡಬೇಕು. ನನಗ ನಿಮ್ಮ ನೆನಪಾತು. ಪ್ಲೇಟಿನ್ಯಾಗ ಮಾರಿ ಕಾಣಂಗಿಲ್ಲ ನೋಡ್ರಿ. ನಿಮ್ಮ ಮೀಸಿಗಿ ಏನೂ ಧಕ್ಕಿಲ್ಲ."

ಏಜಂಟರು ನಕ್ಕರು. ನಮ್ಮಲ್ಲಿ ಯಾರೂ ನಗಲಿಲ್ಲ. ದೊಡ್ಡಪ್ಪ ಎದ್ದು ನಿಂತು, ಮೊದಲು ಹುಡುಗಿಯ ಲಗ್ನವಾಗಲಿ, ಆಮೇಲೆ ಇಂಥದ್ದೆಲ್ಲ ಎಂದ. ಅವ್ವ ಬಾಗಿಲ ಮರೆಯಿಂದ, ಮನೆಯಲ್ಲಿ ಸುಮ್ಮನೆ ಕೂತು ಇವರು ಸೊರಗುತ್ತಿರುವುದು ನಿಮಗೆ ಕಾಣುವುದಿಲ್ಲವೇ ಎಂದಳು. ಭಾವನ ಎದುರು ಅವ್ವ ಅಷ್ಟು ದನಿ ಎತ್ತಿದ್ದು ಅಪರೂಪ. ಕಡೆಗೆ ತೀರ್ಪು ಕೊಟ್ಟವಳು ಆಯಿ.

"ಹೋಗಲಿ. ಅವನ ಹೊಟ್ಟ್ಯಾಗ ಇರೋದು ಅದೊಂದ ವಿದ್ಯಾ. ಆದರ ಹೆಸರು ಬ್ಯಾಡ. ನೀಲಾನ ತಲಿ ಮ್ಯಾಲೆ ಅಕ್ಕಿಕಾಳು ಬೀಳೋತನಕ ಅವನ ಹೆಸರು ಎಲ್ಲೂ ಬರಬಾರದು."

ಏಜಂಟರು ಅದಕ್ಕೇನಂತೆ ಎಂದು ಒಪ್ಪಿಕೊಂಡರು. ಕಂಪನಿಗೆ ಹೆಣ್ಣಿನ ಹೆಸರೇ ಬೇಕಾಗಿತ್ತು ಎಂಬುದು ನಮಗೆ ಆಮೇಲೆ ತಿಳಿಯಿತು.

ಅವರು ಕೊಟ್ಟುಹೋದ ಕತೆ ಯಾರೋ ಒಬ್ಬ ಸಾಲಿ ಮಾಸ್ತರರು ಬರೆದದ್ದು. ಕಾಗದದ ಎರಡೂ ಮಗ್ಗಲಿಗೆ ಒತ್ತಾಗಿ ಬರೆದಿತ್ತು. ಪಂಚಮಿಗೆ ತವರಿಗೆ ಹೋಗಲು ಕಾಯುತ್ತಿರುವ ಒಬ್ಬ ಸೊಸೆಯ ಕತೆ. ಓಣಿಯ ಎಲ್ಲ ಸೊಸೆಯಂದಿರನ್ನೂ ಅವರವರ ಅಣ್ಣತಮ್ಮಂದಿರು ಬಂದು ಕರೆದೊಯ್ಯುತ್ತಾರೆ, ಇವಳ ಅಣ್ಣ ಬರುವುದಿಲ್ಲ. ಅತ್ತೆಯ ಚುಚ್ಚುಮಾತು ತಡೆಯಲಾರದೆ, ನಾನೇ ಬರಬೇಡ ಎಂದು ಹೇಳಿ ಕಳಿಸಿದ್ದೇನೆ ಎಂದು ಸೊಸೆ ಸುಳ್ಳು ಹೇಳುತ್ತಾಳೆ. ಹಬ್ಬ ಮುಗಿದ ಮೇಲೆ ಅಣ್ಣ ಕಾಲುನಡಿಗೆಯಲ್ಲಿ ಬರುತ್ತಾನೆ. ಅವನ ಎತ್ತು ಸತ್ತಿರುತ್ತದೆ, ಗಾಡಿ ಹೂಡಲು ಆಗಿರುವುದಿಲ್ಲ. ಅವನ ಕೆಸರಿನ ಕಾಲು ನೋಡಿದ ಅತ್ತೆ ಒಳಗೆ ಹೋಗಿ ನೀರು ಕಾಯಿಸುತ್ತಾಳೆ. ಇಷ್ಟೇ ಕತೆ.

ಪ್ಲೇಟಿನ ಒಂದು ಮಗ್ಗಲು ಮೂರು ಮಿನಿಟಿನ ಮೇಲೆ ಸ್ವಲ್ಪ ಓಡುತ್ತದೆ, ಅಷ್ಟರಲ್ಲಿ ಅರ್ಧ ಕತೆ ಮುಗಿಯಬೇಕು ಎಂದು ಏಜಂಟರು ಹೇಳಿದ್ದರು. ನಮ್ಮ ಮನೆಯಲ್ಲಿ ಗಡಿಯಾರ ಎಲ್ಲಿಯದು? ಅಪ್ಪ ಸಂತೆಪೇಟೆಯ ಹುಸೇನಸಾಬನ ಚಹಾದಂಗಡಿಗೆ ಹೋಗಿ, ಅವನ ಫೋನೋದಲ್ಲಿ ಒಂದು ಹಾಡಿನ ಪ್ಲೇಟು ಹಚ್ಚಿಸಿ, ಅದರ ಅಂದಾಜನ್ನು ಮನಸ್ಸಿನಲ್ಲಿ ಹಿಡಿದುಕೊಂಡು ಬಂದ. ಮನೆಗೆ ಬಂದು ನೋಡಿದರೆ ಅವ್ವ ಎರಡು ರೊಟ್ಟಿ ಬಡಿದು ಬೇಯಿಸಿ ತೆಗೆಯುವುದಕ್ಕೂ ಅದಕ್ಕೂ ಸರಿಹೋಯಿತು. ಹಾಗಾಗಿ ಅಭ್ಯಾಸವೆಲ್ಲ ಅಡುಗೆಮನೆಯಲ್ಲಿ ನಡೆಯಿತು. ಅವ್ವ ಮೊದಲ ರೊಟ್ಟಿಯ ಹಿಟ್ಟು ಮರದ ಕೊಣಮಿಗೆಯಲ್ಲಿ ನಾದಲು ಶುರು ಮಾಡಿದಾಗ ಅಪ್ಪ ಓದಲು ಶುರು ಮಾಡಬೇಕು, ಎರಡನೆಯ ರೊಟ್ಟಿ ಹಂಚಿನಿಂದ ಇಳಿಯುವುದರೊಳಗೆ ನಿಲ್ಲಿಸಬೇಕು. ಮೊದಮೊದಲು ಮೂರನೆಯ ರೊಟ್ಟಿಯೂ ಬೆಂದು ಹೋಗುತ್ತಿತ್ತು, ಅಪ್ಪ ಇನ್ನೂ ಅತ್ತೆಯ ಮಾತಿನಲ್ಲೇ ಇರುತ್ತಿದ್ದ. ಅದಕ್ಕೆ ಕಾರಣ ಅವನ ನಾಟಕದ ಗಂಟಲು. ಕಡೆಯ ಸಾಲಿನಲ್ಲಿ ನೆಲದ ಮೇಲೆ ಕೂತವನಿಗೂ ಕೇಳಿಸಬೇಕು ಎಂದು ಒಂದೊಂದು ಮಾತನ್ನೂ ಎಳೆದು ಎಳೆದು ಆಡಿ ರೂಢಿ. ಏಜಂಟರು, ಮೈಕಿನ ಮುಂದೆ ಒಬ್ಬರೇ ಕೂತಿದ್ದಾರೆ ಎಂದು ತಿಳಿದು ಓದಿರಿ ಎಂದಿದ್ದರು. ಒಬ್ಬರಿಗಾಗಿ ಮಾತಾಡುವುದು ಅಪ್ಪನಿಗೆ ಗೊತ್ತೇ ಇರಲಿಲ್ಲ.

"ಅತ್ತಿ ಹಂಗ ಚೀರಂಗಿಲ್ಲರಿ," ಎಂದಳು ಒಂದು ದಿನ ಅವ್ವ, ಕೈ ನಿಲ್ಲಿಸದೆ. "ಚೀರೋ ಅತ್ತಿಗೆ ಯಾರಂಜ್ತಾರ? ಸಣ್ಣಗ ಅಂದ್ರನ ಅಂಜಿಕಿ ಬರೋದು."

ಮೂಲೆಯಲ್ಲಿ ಕೂತಿದ್ದ ಆಯಿ, "ಯಾರನ್ನ ನೋಡಿ ಹೇಳಾಕತ್ತೀ ಇದನ್ನ?" ಎಂದಳು. ಅವ್ವ ನಾಲಿಗೆ ಕಚ್ಚಿಕೊಂಡಳು. ಅಪ್ಪ ಜೋರಾಗಿ ನಕ್ಕ. ಕಂಪನಿ ಬಿಟ್ಟು ಬಂದಮೇಲೆ ಅವನು ಹಾಗೆ ನಕ್ಕದ್ದು ನಾನು ಅದೇ ಮೊದಲು ನೋಡಿದ್ದು. ಆವತ್ತಿನಿಂದ ಅವನು ಪುಸ್ತಕದ ಮಾತಿನಂತಿದ್ದ ವಾಕ್ಯಗಳನ್ನು ನಮ್ಮ ಮಾತಿಗೆ ತಿರುಗಿಸಿಕೊಂಡ. ಅತ್ತೆಯ ಮಾತನ್ನು ಹೆಚ್ಚು ಕಡಿಮೆ ಪಿಸುದನಿಯಲ್ಲಿ ಆಡತೊಡಗಿದ. ಸೊಸೆಯ ಮಾತಿಗೆ ಬಂದಾಗ ದನಿ ತೆಳ್ಳಗಾಗುತ್ತಿತ್ತು, ಆದರೆ ಅಳುತ್ತಿರಲಿಲ್ಲ. ಮೀಸೆ ಇದ್ದ ಆ ಮುಖದಿಂದ ಅಂಥ ದನಿ ಬರುವುದು ಮೊದಲ ಒಂದೆರಡು ದಿನ ನನಗೆ ನಗು ತರಿಸಿತು. ಆಮೇಲೆ ಮುಖವೇ ಮರೆತುಹೋಯಿತು. ನಾನು ಮುಂದೆ ಕೊಪ್ಪಳದಲ್ಲಿ ಹುಡುಗಿಯರ ಸಾಲೆಗೆ ಮಾಸ್ತರಣಿಯಾಗಿ ಬಹಳ ವರ್ಷ ಇದ್ದೆ. ವರ್ಗದಲ್ಲಿ ಗದ್ದಲ ಹೆಚ್ಚಾದಾಗ ನಾನು ಬೆತ್ತ ಹಿಡಿಯದೆ ದನಿ ಇಳಿಸುತ್ತಿದ್ದೆ. ಅದನ್ನು ನಾನು ಯಾವ ತರಬೇತಿಯಲ್ಲೂ ಕಲಿಯಲಿಲ್ಲ, ಆ ಹೊಗೆಯ ಅಡುಗೆಮನೆಯಲ್ಲಿ ಕಲಿತೆ. ಆ ದಿನಗಳಲ್ಲಿ ನೀಲಕ್ಕ ಮಾತ್ರ ಅಪ್ಪ ಓದಲು ಕೂತಾಗ ಕೊಡ ಎತ್ತಿಕೊಂಡು ಬಾವಿಗೆ ಹೋಗುತ್ತಿದ್ದಳು.

ಅಪ್ಪ ಹುಬ್ಬಳ್ಳಿಗೆ ಹೋಗಿ ಕತೆ ಓದಿ ಬಂದ. ಬಾಡಿಗೆ ಬಂಗಲೆಯೊಂದರಲ್ಲಿ ಗೋಡೆಗೆಲ್ಲ ಕಂಬಳಿ ತೂಗಿಹಾಕಿದ್ದರಂತೆ. ಕೆಂಪು ದೀಪ ಹತ್ತಿದರೆ ಕೆಮ್ಮುವ ಹಾಗಿಲ್ಲ, ಕಾಗದ ಸಪ್ಪಳ ಮಾಡುವ ಹಾಗಿಲ್ಲ. ಮೇಣದ ತಟ್ಟೆ ತಿರುಗುತ್ತಿರುತ್ತದೆ, ಒಂದು ಮಾತು ತಪ್ಪಿದರೂ ಇಡೀ ತಟ್ಟೆ ಕೆಟ್ಟಂತೆ. ಇದನ್ನೆಲ್ಲ ಅಪ್ಪ ನಮಗೆ ಕೈ ತಿರುಗಿಸಿ ತಿರುಗಿಸಿ ಹೇಳಿದ. ಕೆಲವು ತಿಂಗಳ ಮೇಲೆ ಏಜಂಟರು ಬಸ್ಸಿನವರ ಕೈಲಿ ಒಂದು ಪ್ಲೇಟು ಕಳಿಸಿಕೊಟ್ಟರು. ಬ್ರಿಟಿಷರ ಸೀಮೆಯಿಂದ ನಮ್ಮ ನಿಜಾಮರ ಸೀಮೆಗೆ ಬರುವ ಸಾಮಾನನ್ನೆಲ್ಲ ಸುಂಕದ ನಾಕಾದಲ್ಲಿ ಬಿಚ್ಚಿ ನೋಡುತ್ತಿದ್ದರು, ಅಲ್ಲಿ ಮೇಜಿಗೆ ತಾಗಿ ಅಂಚಿನಲ್ಲಿ ಸಣ್ಣ ಚಕ್ಕೆ ಹಾರಿತ್ತು. ನಡುವಿನ ಕೆಂಪು ಕಾಗದದ ಮೇಲೆ ಕತೆಯ ಹೆಸರು, ಅದರ ಕೆಳಗೆ 'ಓದಿದವರು ವತ್ಸಲಾಬಾಯಿ' ಎಂದಿತ್ತು. ಅಪ್ಪ ಅದನ್ನು ಓದಿ ಅವ್ವನ ಕೈಗೆ ಕೊಟ್ಟ. ಅವ್ವನಿಗೆ ಓದಲು ಬರುತ್ತಿರಲಿಲ್ಲ. ನಾನೇ ಓದಿ ಹೇಳಿದೆ.

"ಯಾರಾಕಿ ಈ ವತ್ಸಲಾಬಾಯಿ?" ಎಂದು ಅವ್ವ ಕೇಳಿದಳು. ಅವಳ ದನಿ ಗಡುಸಾಗಿತ್ತು.

ಹುಸೇನಸಾಬ ತನ್ನ ಫೋನೋವನ್ನು ಕಂಬಳಿಯಲ್ಲಿ ಸುತ್ತಿ ತಾನೇ ಹೊತ್ತುಕೊಂಡು ಬಂದು ನಮ್ಮ ಪಡಸಾಲೆಯಲ್ಲಿ ಇಟ್ಟ. ಅವನಿಗೆ ಮಾತ್ರ ಗುಟ್ಟು ಗೊತ್ತಿತ್ತು. ಕೀಲಿ ಕೊಟ್ಟು ಮುಳ್ಳು ಇಳಿಸಿದ. ಮೊದಲು ಎಣ್ಣೆಯಲ್ಲಿ ಏನೋ ಚುರುಗುಟ್ಟಿದ ಸಪ್ಪಳ, ಆಮೇಲೆ ನಮ್ಮ ಅಡುಗೆಮನೆಯ ದನಿ. ಆಯಿ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೇಳಿದಳು. ಕತೆಯಲ್ಲಿ ಅತ್ತೆ ನೀರು ಕಾಯಿಸಲು ಎದ್ದಾಗ ಸೆರಗಿನಿಂದ ಮೂಗು ಒರೆಸಿಕೊಂಡಳು. ದೊಡ್ಡಪ್ಪ ಮುಳ್ಳು ಇಳಿಸುವ ಮೊದಲೇ ಎದ್ದು ಹೊಲಕ್ಕೆ ಹೋಗಿಬಿಟ್ಟಿದ್ದ.

ಅದಾದ ಮೇಲೆ ಆ ಪ್ಲೇಟು ಊರೆಲ್ಲ ಆಡಿತು. ಸಂತೆಯ ದಿನ ಹುಸೇನಸಾಬನ ಅಂಗಡಿಯ ಮುಂದೆ ಹೆಣ್ಣುಮಕ್ಕಳು ಕಾಯಿಪಲ್ಯದ ಬುಟ್ಟಿ ಇಳಿಸಿ ನಿಂತು ಕೇಳುತ್ತಿದ್ದರು. ಕೊಪ್ಪಳದಲ್ಲೂ ಗಂಗಾವತಿಯಲ್ಲೂ ಬಂದಿದೆಯಂತೆ ಎಂದು ಬಸ್ಸಿನವರು ಹೇಳುತ್ತಿದ್ದರು. ವತ್ಸಲಾಬಾಯಿ ಯಾವ ಊರಿನವಳು ಎಂಬುದೇ ಎಲ್ಲರ ಮಾತು. ಗದಗಿನವಳು ಎಂದು ಒಬ್ಬರು, ಇಲ್ಲ, ಮಾತು ನೋಡಿದರೆ ಯಲಬುರ್ಗಿಯ ಕಡೆಯವಳು ಎಂದು ಇನ್ನೊಬ್ಬರು. ಗಂಡ ಬಿಟ್ಟಿದ್ದಾನೆ ಎಂದು ಒಬ್ಬಾತ ಖಾತ್ರಿಯಿಂದ ಹೇಳಿದ. ಅಪ್ಪ ಅವರ ನಡುವೆಯೇ ಚಹಾ ಕುಡಿಯುತ್ತಾ ಕೂತಿರುತ್ತಿದ್ದ. ಮನೆಗೆ ಬಂದು ನಮಗೆ ಅದನ್ನೆಲ್ಲ ಆಡಿ ತೋರಿಸಿ ನಗಿಸುತ್ತಿದ್ದ. ಅವ್ವ ನಗುತ್ತಿರಲಿಲ್ಲ.

"ನೀವು ದುಡದದ್ದು, ಹೆಸರು ಯಾವಾಕಿದೋ," ಎನ್ನುತ್ತಿದ್ದಳು.

"ಇರಲಿ ಬಿಡ. ಮಂದಿ ಕೇಳಾಕತ್ತಾರಲ್ಲ," ಎನ್ನುತ್ತಿದ್ದ ಅಪ್ಪ.

ಮರುವರ್ಷ ನೀಲಕ್ಕನಿಗೆ ಯಲಬುರ್ಗಿಯಿಂದ ಒಂದು ಸಂಬಂಧ ಕೂಡಿ ಬಂತು. ಹುಡುಗ ಅಲ್ಲಿನ ಅರಿವೆ ವ್ಯಾಪಾರಿ ಸಂಗಣ್ಣನ ಮಗ. ಅವರು ಬಂದು ನೀಲಕ್ಕನನ್ನು ನೋಡಿ ಒಪ್ಪಿದರು. ಹುಡುಗ ಹೋಗುವಾಗ ಒಂದು ಸಲ ಹೊರಳಿ ನೋಡಿದ್ದನ್ನು ನಾನು ನೀಲಕ್ಕನಿಗೆ ಹೇಳಿದೆ, ಅವಳು ನನ್ನ ಕಿವಿ ಹಿಂಡಿದಳು. ಈ ಸಲ ದೊಡ್ಡಪ್ಪ ಮುಂಜಾಗ್ರತೆ ವಹಿಸಿದ್ದ. ನಿಮ್ಮ ತಮ್ಮ ನಾಟಕದ ಕಂಪನಿಯಲ್ಲಿ ಏನು ಮಾಡುತ್ತಿದ್ದ ಎಂದು ಅವರು ಕೇಳಿದ್ದಕ್ಕೆ, ಮ್ಯಾನೇಜರ ಇದ್ದ ಎಂದುಬಿಟ್ಟಿದ್ದ. ಅಪ್ಪ ಅಲ್ಲಗಳೆಯಲಿಲ್ಲ. ಇನ್ನು ನಾವು ಅವರ ಮನೆ ನೋಡಲು ಹೋಗಬೇಕಿತ್ತು. ದೊಡ್ಡಪ್ಪ, ಅಪ್ಪ, ಅವ್ವ ಗಾಡಿ ಹೂಡಿಸಿಕೊಂಡು ಹೊರಟರು. ಅತ್ತು ಕರೆದು ನಾನೂ ಹತ್ತಿದೆ.

ಸಂಗಣ್ಣನ ಮನೆ ದೊಡ್ಡದು, ಕಲ್ಲಿನದು. ಪಡಸಾಲೆಗೆ ಜಮಖಾನೆ ಹಾಸಿದ್ದರು. ಮೂಲೆಯಲ್ಲಿ ಅವನ ಮುದಿ ತಾಯಿ ಗೋಡೆಗೆ ಒರಗಿ ಕೂತಿದ್ದಳು. ಅವನ ಹೆಂಡತಿ ಹಿಂದಿನ ವರ್ಷ ತೀರಿಕೊಂಡಿದ್ದು ನಮಗೆ ಗೊತ್ತಿತ್ತು. ಅವಲಕ್ಕಿ, ಬಾಳೆಹಣ್ಣು ಕೊಟ್ಟರು. ಮಾತು ಜೋಳದ ಧಾರಣೆ, ಮಳೆ, ನೆಂಟರಿಷ್ಟರ ಕ್ಷೇಮ ಎಂದು ಸುತ್ತಾಡಿ, ಲಗ್ನ ಯಾವ ತಿಂಗಳಲ್ಲಿ ಎಂಬ ಕಡೆಗೆ ಬರುತ್ತಿತ್ತು. ಆಗ ಸಂಗಣ್ಣ ಗೋಡೆಯ ಪಕ್ಕ ಇದ್ದ ಫೋನೋದ ಮುಚ್ಚಳ ತೆಗೆದು, ಒಂದು ಪ್ಲೇಟನ್ನು ಧೋತರದ ಅಂಚಿನಿಂದ ಒರೆಸಿ ಇಟ್ಟ. ಚುರುಗುಟ್ಟುವ ಸಪ್ಪಳ ಮುಗಿದು ಅಪ್ಪನ ದನಿ ಬಂತು. ಅವ್ವ ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮೊದಲ ಮಗ್ಗಲು ಮುಗಿಯಿತು. ಸಂಗಣ್ಣ ಮುಳ್ಳು ಎತ್ತಿ, ಪ್ಲೇಟನ್ನು ತಿರುವಿ ಹಾಕದೆ ಕೈಯಲ್ಲೇ ಹಿಡಿದುಕೊಂಡ.

"ನಮ್ಮ ಮನಿಯಾಕಿ ಹಾಸಿಗಿ ಹಿಡದಾಗ ದಿನಾ ಇದನ್ನ ಕೇಳ್ತಿದ್ದಳ್ರಿ," ಎಂದ. "ಮಂದಿ ಬಂದು ಮಾತಾಡಿಸಿದ್ರ ಮಾರಿ ಹೊಳ್ಳಿಸ್ತಿದ್ದಳು. ಇದನ್ನ ಹಚ್ಚಿದ್ರ ಕಣ್ಣು ತಗೀತಿದ್ದಳು. ಹೋಗೋಕಿಂತ ಮೊದಲ ನನಗೊಂದು ಮಾತು ಹೇಳ್ಯಾಳ. ಈ ಹೆಣ್ಣುಮಗಳು ಎಲ್ಲಿದ್ರೂ ಹುಡುಕಿ, ನನ್ನ ಹೆಸರಲೆ ಒಂದು ಸೀರಿ ಕೊಡ್ರಿ ಅಂತ. ಇಳಕಲ್ಲಿಗೆ ಹೋಗಿ ಛಲೋ ಸೀರಿ ತಂದಿಟ್ಟೀನಿ. ಪ್ಲೇಟಿನ ಕಂಪನ್ಯಾವರನ್ನ ಕೇಳಿದ್ರ ನಮಗ ಗೊತ್ತಿಲ್ಲ ಅಂತಾರ. ನೀವು ನಾಟಕದಾಗ ಮ್ಯಾನೇಜರ ಇದ್ದವರು. ಈಕಿ ಎಲ್ಲಿಯಾಕಿ, ಏನರ ಗೊತ್ತೈತೇನ್ರಿ?"

ಅವನು ಕೇಳಿದ್ದು ಅಪ್ಪನನ್ನು. ಉತ್ತರ ಕೊಟ್ಟವನು ದೊಡ್ಡಪ್ಪ.

"ಅವಗೆಲ್ಲಿ ಗೊತ್ತಿರಬೇಕ್ರಿ? ಕಂಪನಿ ಅಂದ್ರ ನೂರಾರು ಮಂದಿ ಬರ್ತಾರ, ಹೋಗ್ತಾರ."

ಅಪ್ಪ ಅವಲಕ್ಕಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಅಣ್ಣಾ, ನೀ ಸುಮ್ನಿರು," ಎಂದ. ನಮ್ಮ ಮನೆಯಲ್ಲಿ ದೊಡ್ಡಪ್ಪನಿಗೆ ಆ ಮಾತನ್ನು ಯಾರೂ ಆಡಿರಲಿಲ್ಲ.

"ಯಜಮಾನರ, ಆ ವತ್ಸಲಾಬಾಯಿ ನಾನರಿ."

ಸಂಗಣ್ಣ ಚೇಷ್ಟೆ ಎಂದು ತಿಳಿದು ನಕ್ಕ. ಅಪ್ಪ ನಗಲಿಲ್ಲ. ಅವನು ಕಣ್ಣನ್ನು ಜಮಖಾನೆಯ ಮೇಲೆ ಇಟ್ಟುಕೊಂಡು, ಸಂಗಣ್ಣನ ಕೈಯಲ್ಲಿದ್ದ ಪ್ಲೇಟಿನ ಎರಡನೆಯ ಮಗ್ಗಲು ಶುರುವಾಗುವ ಮಾತನ್ನು ಆಡಿದ. "ಅಣ್ಣ ಬರೋದಿಲ್ಲರಿ ಅತ್ತಿ. ನಾನ ಬರಬ್ಯಾಡ ಅಂತ ಹೇಳಿ ಕಳಿಸೀನಿ." ಅಡುಗೆಮನೆಯಲ್ಲಿ ಅವ್ವನ ಮುಂದೆ ಆಡುತ್ತಿದ್ದಷ್ಟೇ ಸಣ್ಣ ದನಿ. ಒಳಬಾಗಿಲಿನ ಪರದೆ ಸರಿಯಿತು, ಆ ಮನೆಯ ಹೆಣ್ಣುಮಕ್ಕಳು ಒಬ್ಬರ ಹಿಂದೆ ಒಬ್ಬರು ಬಂದು ನಿಂತರು. ಮೂಲೆಯ ಮುದುಕಿ ತಲೆ ಎತ್ತಿದಳು. ಅಪ್ಪ ಅತ್ತೆಯ ಮಾತನ್ನೂ ಆಡಿದ, ಅಣ್ಣನ ಮಾತನ್ನೂ ಆಡಿದ, ಅತ್ತೆ ನೀರು ಕಾಯಿಸಲು ಎದ್ದು ಹೋಗುವ ತನಕ ಕತೆಯನ್ನು ಮುಗಿಸಿದ.

ಸಂಗಣ್ಣ ಎದ್ದು ಒಳಗೆ ಹೋದ. ಬಹಳ ಹೊತ್ತು ಬರಲಿಲ್ಲ. ದೊಡ್ಡಪ್ಪ ರುಮಾಲು ಸುತ್ತಿಕೊಂಡು ಏಳಲು ಹೊರಟ. ಮುದುಕಿ, "ಕುಂದರ್ರಿ, ಬರ್ತಾನ," ಎಂದಳು. ಅವನು ಬಂದಾಗ ಕಣ್ಣು ಕೆಂಪಾಗಿದ್ದವು, ಕೈಯಲ್ಲಿ ಕೆಂಪು ಸೆರಗಿನ ಇಳಕಲ್ಲ ಸೀರೆ ಇತ್ತು.

"ಇದನ್ನ ನಿಮಗ ಹೆಂಗ ಕೊಡಬೇಕೋ ನನಗ ತಿಳೀವಲ್ದು," ಎಂದ.

"ಆಕಿ ಹೆಂಗ ಕೊಡಂತ ಹೇಳ್ಯಾಳ, ಹಂಗ ಕೊಡ," ಎಂದಳು ಅವನ ತಾಯಿ.

ಅಪ್ಪ ಎದ್ದು ನಿಂತ. ಹೆಗಲ ಮೇಲಿನ ಶಲ್ಯ ತೆಗೆದು, ಹೆಣ್ಣುಮಕ್ಕಳು ಉಡಿ ಒಡ್ಡುವ ಹಾಗೆ ಎರಡೂ ಕೈಯಲ್ಲಿ ಹಿಡಿದ. ಸಂಗಣ್ಣ ಸೀರೆಯನ್ನು ಅದರೊಳಗೆ ಇಟ್ಟು, ಅಪ್ಪನಿಗೆ ಕೈ ಮುಗಿದ. ಲಗ್ನದ ತಿಂಗಳಿನ ಮಾತು ಮುಂದೆ ಬರಲಿಲ್ಲ. ನಾವು ಗಾಡಿ ಹತ್ತಿದೆವು. ಎತ್ತುಗಳು ಅರ್ಧ ದಾರಿ ಸವೆಸಿದ್ದವು.

"ಮಗಳ ಲಗ್ನ ಕೊಟ್ಟು ಸೀರಿ ತಂದಿ," ಎಂದ ದೊಡ್ಡಪ್ಪ. ಅಷ್ಟೇ.

ಹತ್ತು ಹನ್ನೆರಡು ದಿನಗಳ ಮೇಲೆ ಸಂಗಣ್ಣ ತಾನೇ ನಮ್ಮ ಮನೆಗೆ ಬಂದ. ಹೇಳಿ ಕಳಿಸಬಹುದಾಗಿತ್ತು, ಆದರೆ ಬಂದ. ನೀರು ಮುಟ್ಟದೆ, ಪಡಸಾಲೆಯ ಅಂಚಿನಲ್ಲೇ ಕೂತು ಹೇಳಿದ. ತಾನೂ ತಾಯಿಯೂ ಒಪ್ಪಿದ್ದೇವೆ, ಮಗನೂ ಒಪ್ಪಿದ್ದಾನೆ, ಆದರೆ ಕೂಡಿ ಬಾಳುವ ಮನೆ, ತನ್ನ ಅಣ್ಣಂದಿರು ಕೇಳುತ್ತಿಲ್ಲ ಎಂದ.

"ಹೆಣ್ಣಿನ ಪಾರ್ಟು ಮಾಡ್ತಿದ್ರು ಅಂತ ನೀವು ಮೊದಲ ಹೇಳಿದ್ರ ನಾನು ಹೆಂಗರ ಮಾಡಿ ತಿಳಿಸಿ ಹೇಳ್ತಿದ್ದೆ," ಎಂದ ದೊಡ್ಡಪ್ಪನಿಗೆ. "ಮ್ಯಾನೇಜರ ಅಂದ್ರಿ. ಈಗ ಅವರು, ಬೀಗತನಕ್ಕ ಮೊದಲ ಸುಳ್ಳು ಹೇಳೋ ಮಂದಿ, ಆಮ್ಯಾಲೆ ಏನು ಮಾಡ್ಯಾರು ಅಂತಾರ. ಅದಕ್ಕ ನಾ ಏನ್ ಹೇಳ್ಲಿ?"

ಸಂಗಣ್ಣ ಹೋಗುವಾಗ ಅಪ್ಪನ ಕೈಯನ್ನು ತನ್ನ ಎರಡೂ ಕೈಯಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದ. ನೀಲಕ್ಕ ಅಡುಗೆಮನೆಯಲ್ಲಿ ಎಲ್ಲವನ್ನೂ ಕೇಳಿಸಿಕೊಂಡಳು. ಆ ದಿನದಿಂದ ಅವಳು ಅಪ್ಪನ ಜೊತೆ ಮಾತು ಬಿಟ್ಟಳು. ರೊಟ್ಟಿ ಹಾಕುತ್ತಿದ್ದಳು, ನೀರು ಇಡುತ್ತಿದ್ದಳು, ಮುಖ ಎತ್ತುತ್ತಿರಲಿಲ್ಲ. ಅಪ್ಪ ಅವಳನ್ನು ಮಾತಾಡಿಸಲು ಹೋಗಲಿಲ್ಲ, ತಪ್ಪಾಯಿತು ಎಂದೂ ಹೇಳಲಿಲ್ಲ. ಅವ್ವ ಇಬ್ಬರ ನಡುವೆ ಓಡಾಡಿ ದಣಿದಳು. ಇಳಕಲ್ಲ ಸೀರೆಯನ್ನು ಅವಳು ತಾನೂ ಉಡಲಿಲ್ಲ, ನೀಲಕ್ಕನಿಗೂ ಕೊಡಲಿಲ್ಲ. ಅದು ಅವರದು ಎಂದು ಅಪ್ಪನ ಟ್ರಂಕಿನಲ್ಲಿಟ್ಟಳು.

ಒಂದು ಮಧ್ಯಾಹ್ನ ದೊಡ್ಡಪ್ಪನನ್ನು ಊಟಕ್ಕೆ ಕರೆಯಲು ಆಯಿ ನನ್ನನ್ನು ಕಳಿಸಿದಳು. ಹೊಲದಲ್ಲಿ ಇರಲಿಲ್ಲ. ಹುಡುಕುತ್ತಾ ಪೇಟೆಗೆ ಹೋದರೆ ಹುಸೇನಸಾಬನ ಅಂಗಡಿಯಲ್ಲಿ ಕೂತಿದ್ದ. ಬಿಸಿಲಿಗೆ ಗಿರಾಕಿಗಳಿರಲಿಲ್ಲ. ಫೋನೋ ತಿರುಗುತ್ತಿತ್ತು, ಅಪ್ಪನ ದನಿ ಬರುತ್ತಿತ್ತು. ದೊಡ್ಡಪ್ಪ ಬೀದಿಗೆ ಬೆನ್ನು ಹಾಕಿ, ಮೊಣಕಾಲು ಅಪ್ಪಿಕೊಂಡು ಕೇಳುತ್ತಿದ್ದ. ನನ್ನನ್ನು ಕಂಡ ಹುಸೇನಸಾಬ ತುಟಿಯ ಮೇಲೆ ಬೆರಳಿಟ್ಟ. ಪ್ಲೇಟು ಮುಗಿದ ಮೇಲೆ ದೊಡ್ಡಪ್ಪ ಎದ್ದು, ನನ್ನನ್ನು ನೋಡಿ, "ನಡಿ," ಎಂದ.

ನೀಲಕ್ಕನ ಮೌನ ಮುರಿದದ್ದು ಶೀಗೀಹುಣ್ಣಿಮೆಯ ಹಿಂದು ಮುಂದು. ಅಪ್ಪ ಹಿತ್ತಲಲ್ಲಿ, ಬೇಸಿಗೆಯಲ್ಲಿ ತುಂಬಿಟ್ಟಿದ್ದ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ. ಅವಳು ನೀರಿನ ಚರಿಗೆ ತಂದಿಟ್ಟವಳು ಅಲ್ಲೇ ನಿಂತಳು.

"ನೀ ಸುಮ್ನಿರಬಹುದಿತ್ತಪ್ಪಾ."

"ಇರಬಹುದಿತ್ತವಾ."

"ಮತ್ತ ಯಾಕ ಹೇಳಿದಿ?"

ಅಪ್ಪ ಕೈಯಲ್ಲಿದ್ದ ಬೀಜಗಳನ್ನು ಕೆಳಗೆ ಹಾಕಿದ. "ಸಾಯೋ ಹೆಣ್ಣುಮಗಳು ನನಗ ಒಂದು ಸೀರಿ ಕೊಡ್ರಿ ಅಂದಾಳ. ಇಷ್ಟು ವರ್ಷ ಸೀರಿ ಉಟ್ಟೆ, ಅದನ್ನ ಯಾರೂ ಮರ್ಯಾದಿಲೆ ಆಡಿದ್ದಿಲ್ಲ. ಅಂಥಾಕಿ ಮುಂದ ನನಗ ಗೊತ್ತಿಲ್ಲ ಅನ್ನಾಕ ಆಗ್ಲಿಲ್ಲ. ನಿನಗ ಕೆಟ್ಟದ್ದಾತು. ಅದೂ ಖರೆ."

ನೀಲಕ್ಕ ಚರಿಗೆಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಅವನ ಎದುರಿಗೆ ಕೂತು ತಾನೂ ಹುಣಸೆಹಣ್ಣು ಎಳೆದುಕೊಂಡಳು. "ಅದು ಏನು ಕತಿ, ನನಗ ಓದು," ಎಂದಳು. ಅಪ್ಪನಿಗೆ ಕಾಗದ ಬೇಕಾಗಿರಲಿಲ್ಲ. ಅವಳು ಕತೆಯುದ್ದಕ್ಕೂ ಬೀಜ ಬಿಡಿಸುತ್ತಲೇ ಇದ್ದಳು. ಚೆನ್ನಾಗಿದೆ ಎನ್ನಲಿಲ್ಲ. ಸಂಜೆ ಅಪ್ಪನ ತಟ್ಟೆಗೆ ರೊಟ್ಟಿ ಹಾಕುವಾಗ ಮಾತ್ರ, ಇನ್ನೊಂದು ಹಾಕಲಾ ಎಂದು ಕೇಳಿದಳು.

ಏಜಂಟರು ಮತ್ತೆ ಒಂದು ಸಲ ಬಂದರು. ವತ್ಸಲಾಬಾಯಿಯ ಇನ್ನೊಂದು ಪ್ಲೇಟು ಬೇಕು ಎಂದರು. ಅಪ್ಪ ತನ್ನ ಹೆಸರು ಹಾಕುವುದಾದರೆ ಬರುತ್ತೇನೆ ಎಂದ. ಗಂಡಸಿನ ಹೆಸರು ನೋಡಿದರೆ ಯಾರೂ ಕೊಳ್ಳುವುದಿಲ್ಲ ಎಂದು ಏಜಂಟರು ಬಗೆಬಗೆಯಾಗಿ ತಿಳಿಸಿ ಹೇಳಿದರು. ಅಪ್ಪ ಒಪ್ಪಲಿಲ್ಲ. ಏಜಂಟರು ಚಹಾ ಕುಡಿದು ಹೋದರು. ಹಾಗಾಗಿ ನನ್ನ ಅಪ್ಪ ಓದಿದ್ದು ಆ ಒಂದೇ ಪ್ಲೇಟು.

ಮುಂದಿನ ಬೇಸಿಗೆಯಲ್ಲಿ ಗಂಗಾವತಿಯಿಂದ ನೀಲಕ್ಕನನ್ನು ನೋಡಲು ಬಂದರು. ಹುಡುಗ ಸೈಕಲ್ ಅಂಗಡಿ ಇಟ್ಟಿದ್ದ. ಅವನ ಜೊತೆ ಅವನ ತಾಯಿ, ಗಟ್ಟಿ ಮೈಕಟ್ಟಿನ, ಗಟ್ಟಿ ಮಾತಿನ ಹೆಂಗಸು. ಅವರು ಕಾಲು ತೊಳೆದು ಪಡಸಾಲೆಯಲ್ಲಿ ಕೂತರೋ ಇಲ್ಲವೋ, ಇನ್ನೂ ನೀರು ಕೊಟ್ಟಿರಲಿಲ್ಲ, ದೊಡ್ಡಪ್ಪ ಶುರು ಮಾಡಿಬಿಟ್ಟ.

"ಮೊದಲ ಒಂದು ಮಾತು ಹೇಳ್ತೀನ್ರಿ. ಹುಡುಗಿ ಅಪ್ಪ, ನನ್ನ ತಮ್ಮ, ನಾಟಕದಾಗ ಹೆಣ್ಣಿನ ಪಾರ್ಟು ಮಾಡ್ತಿದ್ದ. ಸೀರಿ ಉಟ್ಟು ರಂಗದ ಮ್ಯಾಲೆ ನಿಂತಾನ. ಫೋನೋದಾಗ ಪಂಚಮಿ ಕತಿ ಓದ್ತಾಳಲ್ಲ ವತ್ಸಲಾಬಾಯಿ, ಆಕಿ ಇವನ. ಒಪ್ಪಿಗಿದ್ರ ಹುಡುಗೀನ ಕರಸ್ತೀನಿ. ಇಲ್ಲಾಂದ್ರ ಚಹಾ ಕುಡದು ಹೋಗ್ರಿ, ನಮಗೇನೂ ಬ್ಯಾಸರಿಲ್ಲ."

ಹುಡುಗನ ತಾಯಿ ಅಪ್ಪನನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು.

"ಅತ್ತಿ ಮಾತು ಸಣ್ಣಗ ಆಡ್ತಾರಲ್ಲ, ಅದೂ ನೀವನ ಏನ್ರಿ?"

"ಹೌದ್ರಿ," ಎಂದ ಅಪ್ಪ.

"ಎಂಥಾ ಕೆಲಸ ಮಾಡೀರಿ! ನಮ್ಮ ದೊಡ್ಡ ಸೊಸಿ ಅದನ್ನ ಕೇಳಿದಾಗಿಂದ, ನಾ ಏನರ ಅಂದ್ರ ಸಾಕು, ನಿಮ್ಮ ಹಂಗ ಅಂದು ತೋರಸ್ತಾಳ್ರಿ ನನಗ. ಮನ್ಯಾಗ ನನ್ನ ಕಿಮ್ಮತ್ತ ಹೋಗೇತಿ."

ಅಡುಗೆಮನೆಯಲ್ಲಿ ಹೂ ಮುಡಿದು, ಚಹಾದ ತಾಟು ಹಿಡಿದು ಕರೆಗಾಗಿ ಕಾಯುತ್ತಿದ್ದ ನೀಲಕ್ಕ ಗಟ್ಟಿಯಾಗಿ ನಕ್ಕುಬಿಟ್ಟಳು. ಹೆಣ್ಣು ನೋಡಲು ಬಂದ ದಿನ ಹೆಣ್ಣು ಹಾಗೆ ನಗುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಪಡಸಾಲೆಯಲ್ಲಿದ್ದವರಿಗೆಲ್ಲ ಕೇಳಿಸಿತು, ಹುಡುಗ ತಲೆ ಎತ್ತಿ ಬಾಗಿಲ ಕಡೆ ನೋಡಿದ. ಅವಳನ್ನು ಸುಮ್ಮನಾಗು ಎಂದು ಯಾರೂ ಗದರಲಿಲ್ಲ.